ಚಿಕ್ಕಬೋರಮ್ಮನ ಹೆಸರಿನ ಗೆರೆ

ನಾಗಮಂಗಲದ ಬಸ್ ಸ್ಟ್ಯಾಂಡಿಗೆ ಎದುರಾಗಿ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಧರ್ಮೇಂದ್ರ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಹೇಳಿಕೊಡುತ್ತಿದ್ದ ಅನ್ನುವುದೂ ಸ್ವಲ್ಪ ದೊಡ್ಡ ಮಾತೇ. ಇದ್ದ ಕಂಪ್ಯೂಟರುಗಳಲ್ಲಿ ಒಂದು ಸದಾ ಮುನಿಸಿಕೊಂಡಿರುತ್ತಿತ್ತು. ಕರೆಂಟು ಇದ್ದರೆ ಪಾಠ, ಹೋದರೆ ಹರಟೆ. ಆದರೂ ಅದು ೧೯೯೯ರ ಇಸವಿ. ಕಂಪ್ಯೂಟರ್ ಬಲ್ಲವನು ಎಂದರೆ ಜನ ಕುರ್ಚಿ ಎಳೆದು ಕೂರಿಸುತ್ತಿದ್ದ ಕಾಲ. ಧರ್ಮೇಂದ್ರನಿಗೆ ಆ ಕುರ್ಚಿ ಬಹಳ ಬೇಗ ಒಗ್ಗಿಹೋಗಿತ್ತು.

ಅವನಪ್ಪ ದೂರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಪಾಳಿಯ ಕೆಲಸ, ಮನೆ ತುಂಬ ಮಕ್ಕಳು. ಹಾಗಾಗಿ ಇವನನ್ನು ಚಿಕ್ಕಂದಿನಲ್ಲೇ ಬಿಂಡಿಗನವಿಲೆ ಹತ್ತಿರದ ಕಾಳಿಂಗನಕೊಪ್ಪಲಿಗೆ, ಸೋದರತ್ತೆ ಚಿಕ್ಕಬೋರಮ್ಮನ ಮನೆಗೆ ತಂದು ಬಿಟ್ಟಿದ್ದರು. ಅತ್ತೆಗೆ ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಪಾಂಡವಪುರದ ಕಡೆಗೆ ಕೊಟ್ಟಿತ್ತು. ಉಳಿದದ್ದು ಒಂದು ತುಂಡು ಹೊಲ, ಒಂದು ಹಸು. ಆ ಹಸುವಿನ ಹಾಲು ಡೈರಿಗೆ ಹೋಗುವ ಮೊದಲು ಒಂದು ಲೋಟ ನೊರೆಹಾಲು ಧರ್ಮೇಂದ್ರನಿಗೆ ಮೀಸಲು. ಹೈಸ್ಕೂಲು ಮುಗಿಯುವವರೆಗೂ ಅದು ತಪ್ಪಿದ್ದಿಲ್ಲ. ಬೂಸಕ್ಕೆ ಕಷ್ಟವಾದ ದಿನಗಳಲ್ಲೂ ತಪ್ಪಿದ್ದಿಲ್ಲ.

ಬೆಂಗಳೂರಿನಿಂದ ತರಿಸುತ್ತಿದ್ದ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆಗೆ ಆ ವರ್ಷ ಬಿಟ್ಟಿಯಾಗಿ ಒಂದು ಸಿ.ಡಿ. ಬಂತು. ಅದರಲ್ಲಿ ಪೈಥಾನ್ ಎಂಬ ಭಾಷೆ ಇತ್ತು. ಅದರಲ್ಲಿ ಬರೆದ, ಗ್ರಾಫು ಎಳೆಯುವ ಒಂದಷ್ಟು ಮಾದರಿ ಪ್ರೋಗ್ರಾಮುಗಳಿದ್ದವು. ಒಂದೊಂದಕ್ಕೂ ಒಂದೊಂದು ಚಿತ್ರ. ಒಂದು ಅಲೆ ಎಳೆಯುತ್ತದೆ, ಇನ್ನೊಂದು ಕಂಬಗಳನ್ನು ನಿಲ್ಲಿಸುತ್ತದೆ, ಮತ್ತೊಂದು ಸುತ್ತು ಸುತ್ತಾಗಿ ಚಕ್ಕುಲಿ ಒತ್ತುತ್ತದೆ. ಮೊದಮೊದಲು ಧರ್ಮೇಂದ್ರ ಒಂದೊಂದರ ಹೆಸರನ್ನೂ ಕೈಯಲ್ಲೇ ಟೈಪು ಮಾಡಿ ಓಡಿಸುತ್ತಿದ್ದ. ಆಮೇಲೆ ಒಂದು ಪುಟ್ಟ ಪ್ರೋಗ್ರಾಮು ಬರೆದ. ಆ ಜಾಗದಲ್ಲಿ ಇರುವ ಮಾದರಿಗಳನ್ನೆಲ್ಲ ಅದು ತಾನೇ ಹುಡುಕಿ, ಒಂದಾದ ಮೇಲೊಂದು ಓಡಿಸಿ, ಚಿತ್ರವನ್ನು ಕೊಂಚ ಹೊತ್ತು ಪರದೆ ಮೇಲೆ ನಿಲ್ಲಿಸಿ ಮುಂದಕ್ಕೆ ಹೋಗುತ್ತಿತ್ತು. ಅದಕ್ಕೆ ಅವನು ಇಟ್ಟ ಹೆಸರು ಮೆರವಣಿಗೆ.

ಯಾರೇ ಬರಲಿ, ಒಂದು ಗುಂಡಿ ಒತ್ತಿ, ಕೈಕಟ್ಟಿ ಹಿಂದೆ ಸರಿದು ನಿಲ್ಲುತ್ತಿದ್ದ. ಪರದೆ ಮೇಲೆ ಚಿತ್ರಗಳು ತಾವೇ ಬಂದು ತಾವೇ ಹೋಗುವುದನ್ನು ನೋಡಿ ಬಂದವರು ಬಾಯಿ ಬಿಡುತ್ತಿದ್ದರು. ಮಾದರಿಗಳನ್ನು ಬರೆದವರು ಯಾವ ದೇಶದವರೋ. ಹೊಗಳಿಕೆ ಮಾತ್ರ ಧರ್ಮೇಂದ್ರನಿಗೆ. ಇವನು "ನಂದಲ್ಲ" ಎಂದು ಒಮ್ಮೆಯೂ ಹೇಳಿದವನಲ್ಲ.

ಒಂದೇ ಒಂದು ತೊಂದರೆ ಇತ್ತು. ಕೆಲವು ಮಾದರಿಗಳು ಅವನ ಹಳೆಯ ಕಂಪ್ಯೂಟರಿನಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಆಗ ಮೆರವಣಿಗೆ ನಿಂತು, ಪರದೆ ತುಂಬ ಇಂಗ್ಲಿಷಿನಲ್ಲಿ ತಪ್ಪುಗಳ ಪಟ್ಟಿ ಇಳಿಯುತ್ತಿತ್ತು. ಒಂದು ಸಲ ಬೆಳ್ಳೂರಿನ ಹೋಟೆಲಿನವರೊಬ್ಬರ ಎದುರಿಗೇ ಹಾಗಾಗಿ, "ಏನಪ್ಪ, ಕೆಟ್ಟೋಯ್ತಾ?" ಎಂದು ಅವರು ಕೇಳಿದಾಗ ಇವನಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಅವರು ಮೆಟ್ಟಿಲಿಳಿದದ್ದೇ ತಡ, ಇವನು ಕೂತು ಒಂದು ಸಾಲು ಸೇರಿಸಿದ: ಯಾವುದಾದರೂ ಕೆಟ್ಟರೆ ಬಾಯಿ ಬಿಡಬೇಡ, ಸುಮ್ಮನೆ ಮುಂದಿನದಕ್ಕೆ ಹೋಗು. ಅಂದಿನಿಂದ ಮೆರವಣಿಗೆ ನಿಂತದ್ದೇ ಇಲ್ಲ. ಹೋಟೆಲಿನವರ ಎದುರಿಗೆ ಆದಂಥ ನಾಚಿಕೆ ಇನ್ನೊಮ್ಮೆ ಬೇಡವೆಂದು ಹಾಕಿದ ಸಾಲು ಅದು.

ಕಾಳಿಂಗನಕೊಪ್ಪಲಿನ ಹಾಲಿನ ಸೊಸೈಟಿಗೆ ಚಿಕ್ಕಸ್ವಾಮಿ ಎಂಬುವವನು ಸೆಕ್ರೆಟರಿ. ಗಟ್ಟಿ ದನಿಯ ಮನುಷ್ಯ. ಊರಿನಲ್ಲಿ ಏನು ಹೊಸದು ಬಂದರೂ ಮೊದಲು ತನ್ನ ಡೈರಿಗೆ ಬರಬೇಕು ಎಂಬ ಹಟ. ಒಂದು ದಿನ ಧರ್ಮೇಂದ್ರನ ಮಹಡಿ ಹತ್ತಿ ಮೆರವಣಿಗೆ ನೋಡಿದ. ನೋಡಿದವನೇ ತೊಡೆ ತಟ್ಟಿಕೊಂಡ.

"ಲೇ ಧರ್ಮ, ನಮ್ ಆಲಿನ ಡಿಗ್ರಿಗೂ ಇಂಗೇ ಗೆರೆ ಎಳ್ದು ಕೊಡ್ಲಾ. ಒಬ್ಬೊಬ್ಬರ್ದೂ ಒಂದೊಂದು ಕಾಗ್ದ. ಗೋಡೆ ಮ್ಯಾಲೆ ಅಂಟುಸ್ಬುಡ್ತೀನಿ. ಯಾರು ನೀರಾಕ್ತಾವ್ರೆ, ಯಾರು ಆಕಲ್ಲ, ಊರ್ಗೇ ಕಾಣ್ಲಿ."

ಹಾಲಿಗೆ ನೀರು ಬೆರೆತರೆ ಡಿಗ್ರಿ ಇಳಿಯುತ್ತದೆ. ದಿನಾ ಅಳೆಯುವುದು ಡೈರಿಯ ಪದ್ಧತಿ. ಧರ್ಮೇಂದ್ರ ಉಬ್ಬಿದ. ಆ ಬೇಸಗೆಯ ಅಳತೆಗಳನ್ನೆಲ್ಲ ತಂದು ಕೂತು ಟೈಪು ಮಾಡಿದ. ಹಾಲು ಹಾಕುವ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಪ್ರೋಗ್ರಾಮು. ಮಾದರಿಯೊಂದನ್ನು ನಕಲು ಮಾಡಿ, ಅಂಕಿ ಬದಲಾಯಿಸಿದರೆ ಮುಗಿಯಿತು. ಅವನ್ನೆಲ್ಲ ಮಾದರಿಗಳಿದ್ದ ಜಾಗದಲ್ಲೇ ಇಟ್ಟ. ಬೇರೆ ಇಡಬಹುದಿತ್ತು, ಸೋಮಾರಿತನ. ಹೆಸರಿನ ಅಕ್ಷರಗಳ ಸಾಲಿನಲ್ಲಿ ಊರವರೂ ಮಾದರಿಗಳೂ ಬೆರೆತುಹೋದರು. ಮೆರವಣಿಗೆಗೆ ಇನ್ನೊಂದು ಕೆಲಸ ಕಲಿಸಿದ: ಮಾದರಿಗಳನ್ನು ಬರೀ ತೋರಿಸು, ಊರವರ ಸರದಿ ಬಂದಾಗ ಹೆಸರು ಹಾಕಿ ಪ್ರಿಂಟು ಮಾಡು.

ಕೊಪ್ಪಲಿನ ಡೈರಿಯಲ್ಲಿ ಒಂದು ರೂಢಿಯಿದೆ. ಗಬ್ಬದ ಹಸುವಿನ ಹಾಲು ಬತ್ತಿದ ದಿನಗಳಿಗೆ ಅಲ್ಲಿ ಸೊನ್ನೆ ಬರೆಯುವುದಿಲ್ಲ. ಕರು ಹೊತ್ತ ಹಸುವಿನ ಮುಂದೆ ಸೊನ್ನೆ ಇಡಬಾರದು, ಏಳಿಗೆಯಲ್ಲ ಎಂದು ಒಂದು ಅಡ್ಡಗೆರೆ ಎಳೆದು ಬಿಡುತ್ತಾರೆ. ಮಿಕ್ಕವರ ಮನೆಗಳಲ್ಲಿ ಹಸು ಒಂದಕ್ಕಿಂತ ಹೆಚ್ಚು. ಒಂದರ ಹಾಲು ಬತ್ತಿದರೂ ಇನ್ನೊಂದು ಕರೆಯುತ್ತಿತ್ತು. ಅಡ್ಡಗೆರೆಗಳಿದ್ದದ್ದು ಆ ಬೇಸಗೆಯಲ್ಲೇ ಕರು ಹಾಕಿದ ಚಿಕ್ಕಬೋರಮ್ಮನ ಹಸುವಿಗೆ ಮಾತ್ರ. ಅವಳ ಅಂಕಿಗಳನ್ನು ಟೈಪು ಮಾಡುವಾಗ ಧರ್ಮೇಂದ್ರನ ಬೆರಳು ಸೊನ್ನೆಯ ಗುಂಡಿಯ ಮೇಲೆ ಹೋಗಿ ನಿಂತಿತು. ನಿಂತು, ಪಕ್ಕಕ್ಕೆ ಸರಿಯಿತು. ಅತ್ತೆಯ ಹಸುವಿಗೆ ತನ್ನ ಕೈಯಿಂದ ಸೊನ್ನೆ ಯಾಕೆ ಎಂದು ಅವನೂ ಅಡ್ಡಗೆರೆಯನ್ನೇ ಒತ್ತಿದ. ಕಂಪ್ಯೂಟರಿಗೆ ಕೊಪ್ಪಲಿನ ರೂಢಿ ಗೊತ್ತಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನ ತಲೆಗೆ ಹೊಳೆಯಲಿಲ್ಲ.

ಮೆರವಣಿಗೆ ಹೊರಡಿಸಿ, ಪ್ರಿಂಟರು ಕರಕರ ಎನ್ನತೊಡಗಿದ ಮೇಲೆ ಅವನು ಟೀ ಕುಡಿಯಲು ಕೆಳಗಿಳಿದ. ಬರುವಷ್ಟರಲ್ಲಿ ಹಾಳೆಗಳು ನೆಲದವರೆಗೆ ಇಳಿದಿದ್ದವು. ಒಂದೊಂದನ್ನೇ ಹರಿದು ಜೋಡಿಸುತ್ತ ಬಂದವನು ಅತ್ತೆಯ ಹೆಸರಿನ ಹಾಳೆ ಬಂದಾಗ ನಿಂತ. ಮಿಕ್ಕವರ ಗೆರೆಗಳು ಹೆಚ್ಚುಕಡಿಮೆ ಮಟ್ಟಸವಾಗಿದ್ದವು. ಇವಳದು ಮೇಲೇರುತ್ತದೆ, ದೊಪ್ಪನೆ ಇಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಕೊನೆಯಲ್ಲಿ ನೆಲ ಕಚ್ಚುತ್ತದೆ. ಒಂದು ದಿನ ಹಾಲು, ಒಂದು ದಿನ ನೀರು. ನೋಡಿದ ಯಾರಿಗಾದರೂ ಅಷ್ಟೇ ಅರ್ಥವಾಗುವುದು.

ಧರ್ಮೇಂದ್ರನ ಮುಖ ಬಿಸಿಯಾಯಿತು. ಅವನಿಗೆ ಅತ್ತೆಯ ಬಗ್ಗೆ ನಾಚಿಕೆಯಾಯಿತು. ಆಮೇಲೆ ಅವನನ್ನು ಬಹಳ ಸುಟ್ಟದ್ದು ಇದೇ: ಅವನಿಗೆ ಹಾಳೆಯ ಮೇಲೆ ಅನುಮಾನ ಬರಲಿಲ್ಲ, ನಾಚಿಕೆ ಬಂತು. ಒಬ್ಬಳೇ ಹೆಂಗಸು, ಏನು ಕಷ್ಟವೋ ಎಂದು ತಾನೇ ಒಂದು ಕತೆ ಕಟ್ಟಿಕೊಂಡು, ಮನಸ್ಸಿನಲ್ಲೇ ಅವಳನ್ನು ಕ್ಷಮಿಸಿಯೂ ಬಿಟ್ಟ! ಹಾಳೆಯನ್ನು ತೆಗೆದಿಡೋಣವೇ ಎಂದು ಒಮ್ಮೆ ಅನ್ನಿಸಿತು. ಸ್ವಂತ ಅತ್ತೆಯದನ್ನು ಬಚ್ಚಿಟ್ಟ ಎಂದು ನಾಳೆ ಜನ ಆಡಿಕೊಂಡರೆ? ಅವನು ಹಾಳೆಯನ್ನು ಕಟ್ಟಿನೊಳಗೆ ಸೇರಿಸಿದ.

ಚಿಕ್ಕಸ್ವಾಮಿ ಅದನ್ನು ನೋಡಿ ಇವನ ಬೆನ್ನು ತಟ್ಟಿದ. "ನ್ಯಾಯ ಅಂದ್ರೆ ಇದು ಕಣ್ಲಾ. ಸ್ವಂತ ಅತ್ತೇದೂ ಮುಚ್ಚಾಕ್ಲಿಲ್ವಲ್ಲ ನೀನು!"

ಹೊಗಳಿಕೆ ಹಿತವಾಗಿತ್ತು. ಬಸ್ಸಿನಲ್ಲಿ ನಾಗಮಂಗಲಕ್ಕೆ ಹಿಂತಿರುಗುವಾಗ ಅವನು ಅದನ್ನು ಮತ್ತೆ ಮತ್ತೆ ನೆನೆಸಿಕೊಂಡ.

ಗೋಡೆಯ ಮೇಲೆ ಹಾಳೆಗಳು ಏರಿದವು. ಚಿಕ್ಕಬೋರಮ್ಮನಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರಿನ ಹಾಳೆ ಯಾವುದೆಂದು ಅವಳಿಗೆ ಬೆರಳಿಟ್ಟು ತೋರಿಸಿದವಳು ಪಕ್ಕದ ಮನೆಯ ಪಾರ್ವತಮ್ಮ. ಮೊದಲ ದಿನ ಸಾಲಿನಲ್ಲಿ ಹಿಂದಿದ್ದವರು ಕಿಸಕ್ಕೆಂದರು. ಮಾರನೆಯ ದಿನ ಯಾರೋ, "ನಮ್ಮಾಲು ಮೊದ್ಲು ಅಳ್ಕೊಳಣ್ಣ, ನೀರಾಲು ಆಮ್ಯಾಕ್ಕೆ" ಎಂದು ಅವಳ ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಅವಳು ಜಗಳವಾಡಲಿಲ್ಲ. ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಆಮೇಲೆ ಡೈರಿಯ ಮೆಟ್ಟಿಲು ತುಳಿಯಲಿಲ್ಲ. ಹಾಲನ್ನು ಹೆಪ್ಪು ಹಾಕಿ, ಮೊಸರಿನ ಮಡಕೆ ಹೊತ್ತು ಬಿಂಡಿಗನವಿಲೆಗೆ ನಡೆದುಹೋಗಿ ಮಾರಿಕೊಂಡು ಬರುತ್ತಿದ್ದಳು.

ಧರ್ಮೇಂದ್ರ ಆ ತಿಂಗಳು ಒಮ್ಮೆ ಅವಳ ಮನೆಗೆ ಹೋದ. ಎಂದಿನಂತೆ ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟ ಮೇಲೆ ಕೇಳಿದಳು.

"ಆ ಕಾಗ್ದ ನೀನೇ ಬರ್ದಿದ್ದಂತೆ?"

"ನಾನಲ್ಲ ಅತ್ತೆ, ಮಿಷನ್ನು ಬರ್ದಿದ್ದು."

"ಮಿಷನ್ನು ಸುಳ್ಳೇಳ್ತದಾ ಮಗ?"

ಅವನು ಅತ್ತೆಯ ಮುಖ ನೋಡದೆ, "ಇಲ್ಲ ಅತ್ತೆ" ಎಂದ. "ಓಗ್ಲಿ ಬುಡತ್ತೆ, ಕಷ್ಟ ಯಾರ್ಗಿಲ್ಲ" ಎಂದೂ ಸೇರಿಸಿದ. ಚಿಕ್ಕಬೋರಮ್ಮ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಕಾಳಿಂಗನಕೊಪ್ಪಲಿನ ಗೋಡೆಯ ಸುದ್ದಿ ಸುತ್ತಮುತ್ತ ಹಬ್ಬಿತು. ಕೆ.ಆರ್. ಪೇಟೆ ಕಡೆಯ ಇನ್ನೊಂದು ಸೊಸೈಟಿಯವರು ತಮಗೂ ಹಾಗೇ ಬೇಕೆಂದರು. ಅವರನ್ನು ಚಿಕ್ಕಸ್ವಾಮಿಯೇ ಕರೆದುಕೊಂಡು ಬಂದು, ಮಹಡಿಯ ಮೇಲೆ ಬೆಂಚು ಹಾಕಿಸಿ ಕೂರಿಸಿದ. ಧರ್ಮೇಂದ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಗುಂಡಿ ಒತ್ತಿ, ಕೈಕಟ್ಟಿ ಹಿಂದೆ ಸರಿದು ನಿಂತ.

ಮೆರವಣಿಗೆ ಹೊರಟಿತು. ಕಂಬಗಳು ಬಂದವು, ಹೋದವು. ಚಕ್ಕುಲಿ ಬಂತು, ಹೋಯಿತು. ಆಮೇಲೆ ಒಂದು ಗೆರೆ ಬಂತು. ಮೇಲೇರಿತು, ದೊಪ್ಪನೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು, ಕೊನೆಯಲ್ಲಿ ನೆಲ ಕಚ್ಚಿತು. ಈ ಮಾದರಿಯನ್ನು ಅವನು ಎಷ್ಟು ಸಲ ಓಡಿಸಿದ್ದನೋ ಲೆಕ್ಕವಿಲ್ಲ. ಬಂದವರ ಮುಖ ನೋಡುವುದರಲ್ಲೇ ಮುಳುಗಿ, ಪರದೆಯನ್ನು ಅವನು ಗಮನವಿಟ್ಟು ನೋಡಿರಲೇ ಇಲ್ಲ. ಇದು ಯಾರ ಹಾಲೂ ಅಲ್ಲ. ಯಾವನೋ ಕಾಣದ ದೇಶದವನು, ಗೆರೆ ಹೀಗೂ ಬರುತ್ತದೆ ಎಂದು ತೋರಿಸಲು ಎಳೆದ ಅಲೆ.

"ಚೆನ್ನಾಗೈತೆ ಕಣಪ್ಪ" ಎಂದರು ಬೆಂಚಿನ ಮೇಲಿದ್ದವರು. ಧರ್ಮೇಂದ್ರ ಮುಂದೆ ನುಗ್ಗಿ ಗುಂಡಿ ಒತ್ತಿ ಆ ಚಿತ್ರವನ್ನು ದಾಟಿಸಿಬಿಟ್ಟ, ಚಿಕ್ಕಸ್ವಾಮಿಗೆ ಗುರುತು ಸಿಕ್ಕೀತೆಂದು. ತಪ್ಪು ಕಣ್ಣಿಗೆ ಬಿದ್ದಾಗಲೂ ಮೊದಲು ತನ್ನ ಮಾನದ ಚಿಂತೆ!

ಅವರು ಹೋದ ಮೇಲೆ, ಬಾಯಿ ಮುಚ್ಚಿಸಲು ಹಾಕಿದ್ದ ಆ ಸಾಲನ್ನು ತೆಗೆದು ಮೆರವಣಿಗೆಯನ್ನು ಮತ್ತೆ ಓಡಿಸಿದ. ಚಿಕ್ಕಬೋರಮ್ಮನ ಸರದಿಗೆ ಅದು ನಿಂತಿತು. ಪರದೆಯ ಮೇಲೆ ತಪ್ಪಿನ ಸಾಲು ಇಳಿಯಿತು. ಅದರಡಿ ಅವನೇ ಒತ್ತಿದ ಅಡ್ಡಗೆರೆಗಳು. ಅಂಕಿ ಇರಬೇಕಾದ ಕಡೆ ಅಡ್ಡಗೆರೆ ಕಂಡು ಪ್ರೋಗ್ರಾಮು ಆರಂಭದಲ್ಲೇ ಕೆಟ್ಟಿತ್ತು, ಅತ್ತೆಯ ಚಿತ್ರ ಮೂಡಿಯೇ ಇರಲಿಲ್ಲ. ಸುಮ್ಮನೆ ಮುಂದೆ ಹೋಗು ಎಂದಿದ್ದರಿಂದ ಮೆರವಣಿಗೆ ನೇರ ಪ್ರಿಂಟಿನ ಕೆಲಸಕ್ಕೆ ಹೋಗಿ, ಪರದೆಯ ಮೇಲೆ ಇನ್ನೂ ಉಳಿದಿದ್ದ, ಅವಳ ಹಿಂದಿನ ಸರದಿಯ ಮಾದರಿಯ ಚಿತ್ರಕ್ಕೇ ಅವಳ ಹೆಸರು ಹೊಡೆದು ಪ್ರಿಂಟರಿಗೆ ಕಳಿಸಿತ್ತು. ಅವನು ಅಡ್ಡಗೆರೆಗಳ ಜಾಗ ಖಾಲಿ ಬಿಡುವಂತೆ ತಿದ್ದಿ ಓಡಿಸಿದ. ಅತ್ತೆಯ ನಿಜವಾದ ಗೆರೆ ಬಂತು. ಹಸುವಿನ ಹಾಲು ಬತ್ತಿದ್ದ ದಿನಗಳಲ್ಲಿ ಮಾತ್ರ ತುಂಡಾದ, ಉಳಿದೆಡೆ ಊರಿನಲ್ಲೇ ಎಲ್ಲರಿಗಿಂತ ಮೇಲಿದ್ದ, ನೇರವಾದ ಗೆರೆ. ಧರ್ಮೇಂದ್ರ ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಮಾರನೆಯ ದಿನ ಹೊಸ ಹಾಳೆ ಮಡಚಿಟ್ಟುಕೊಂಡು ಬಸ್ಸು ಹತ್ತಿದ. ಮಧ್ಯಾಹ್ನ ಡೈರಿಯಲ್ಲಿ ಯಾರೂ ಇರುವುದಿಲ್ಲ; ಹಳೆಯದು ಕಿತ್ತು ಹೊಸದು ಅಂಟಿಸಿ ಬಂದರೆ ಸದ್ದಿಲ್ಲದೆ ಮುಗಿಯುತ್ತದೆ ಎಂಬುದು ಅವನ ಲೆಕ್ಕ. ಆದರೆ ಚಿಕ್ಕಸ್ವಾಮಿ ಅಲ್ಲೇ ಕೂತಿದ್ದ. ಹೊಸ ಹಾಳೆ ನೋಡಿ ಹುಬ್ಬೇರಿಸಿದ.

"ಅದ್ಯಾಕ್ಲಾ ಬದ್ಲಾಯಿಸ್ತೀಯಾ? ಅತ್ತೆ ಬೈದ್ಲಾ?"

"ಅದು ತಪ್ಪಾಗಿತ್ತಣ್ಣ. ಇದು ಸರಿ."

"ಓಗ್ಲಾ ಓಗು. ನಿಮ್ಮತ್ತೇದು ಒಂದೇ ತಪ್ಪಾಯ್ತಾ? ಊರ್ನೋರು ನಂಬ್ತಾರಾ? ಅಂದು ನ್ಯಾಯ ಅಂದೋರೇ ಇವತ್ತು ಉಗೀತಾರೆ, ನೋಡ್ತಾ ಇರು."

ಚಿಕ್ಕಸ್ವಾಮಿ ಹೇಳಿದ್ದು ಸರಿಯೇ ಇತ್ತು. ಸದ್ದಿಲ್ಲದೆ ಬದಲಾಯಿಸಿದರೆ ಅತ್ತೆಯ ಮೇಲಿನ ಕಳಂಕ ಇನ್ನೊಂದು ಸುತ್ತು ಬಲಿಯುತ್ತದೆ. ಸೋದರಳಿಯನಿಂದ ಬರೆಸಿಕೊಂಡಳು ಎಂದಾಗುತ್ತದೆ. ಧರ್ಮೇಂದ್ರ ಮುಂದಿನ ಬಸ್ಸಿಗೆ ನಾಗಮಂಗಲಕ್ಕೆ ವಾಪಸು ಹೋದ. ಆ ಮಾದರಿಯ ಅಲೆಯನ್ನು ಯಾರ ಹೆಸರೂ ಇಲ್ಲದೆ ಪ್ರಿಂಟು ಮಾಡಿಕೊಂಡ. ಸಂಜೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಡೈರಿಯ ಜಗುಲಿಯ ಮೇಲೆ ಬಂದು ನಿಂತ.

ಇಡೀ ಊರು ಕ್ಯಾನು ಹಿಡಿದು ನಿಂತಿತ್ತು. ಅವನು ಗೋಡೆಯಿಂದ ಅತ್ತೆಯ ಹೆಸರಿನ ಹಾಳೆ ಕಿತ್ತು, ಹೆಸರಿಲ್ಲದ ಹಾಳೆಯ ಪಕ್ಕದಲ್ಲಿ ಎತ್ತಿ ಹಿಡಿದ.

"ಎರ್ಡೂ ನೋಡಿ. ಒಂದೇ ಗೆರೆ. ಇದು ನಮ್ಮತ್ತೆ ಆಲಲ್ಲ, ಯಾರ ಆಲೂ ಅಲ್ಲ. ಕಂಪ್ಯೂಟರ್ ಜೊತೇಲಿ ಬಂದಿದ್ದ ಆಟದ ಚಿತ್ರ. ನಾನು ಟೈಪು ಮಾಡಿದ್ದು ಕೆಟ್ಟಿತ್ತು, ಕೆಟ್ಟಿದ್ದು ಕಾಣ್ಬಾರ್ದು ಅಂತ ನಾನೇ ಮುಚ್ಚಿದ್ದೆ. ಆ ಚಿತ್ರಗೋಳೂ ನಾನು ಬರ್ದಿದ್ದಲ್ಲ. ನಂಗೆ ಬರೋದು ಅವನ್ನ ಸಾಲಾಗಿ ಓಡ್ಸೋದು ಅಷ್ಟೇಯ. ತಪ್ಪು ನಂದು."

ಮೊದಲು ಬಾಯಿ ಬಿಟ್ಟವಳು ಪಾರ್ವತಮ್ಮ.

"ಅಂಗಾರೆ ನಮ್ ಗೆರೆ ಮಾತ್ರ ದಿಟಾನಾ? ಅದು ಯಾರ್ ಮನೆ ಚಿತ್ರಾನೋ!"

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. "ಅಯ್ಯೋ, ನಾಗ್ಮಂಗ್ಲದ ಕಂಪೂಟ್ರು!" ಎಂದು ಒಬ್ಬ ಕೂಗಿದ. ಚಿಕ್ಕಸ್ವಾಮಿ ಕೆಂಪಗಾಗಿ, ಗೋಡೆಯ ಮೇಲಿದ್ದ ಹಾಳೆಗಳನ್ನೆಲ್ಲ ಪರಪರ ಕಿತ್ತು ಮೂಲೆಗೆಸೆದ. ಇಷ್ಟು ದಿನ ಕುರ್ಚಿ ಎಳೆದು ಕೂರಿಸುತ್ತಿದ್ದ ಜನ ಅಂದು ದಾರಿ ಬಿಟ್ಟು ನಿಂತು ಅವನನ್ನು ಮೆಟ್ಟಿಲಿಳಿಸಿದರು. ಆ ನಗು ಬೆನ್ನಿಗೆ ಬಡಿಯುತ್ತಿದ್ದರೂ ಅವನಿಗೆ ಒಂದು ಬಗೆಯ ಹಗುರವಿತ್ತು. ಇನ್ನು ಅತ್ತೆಗೆ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡ.

ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆಯೇ ಬಂದು ಮುಟ್ಟಿತ್ತು.

"ತಪ್ಪು ಮಾಡ್ಬುಟ್ಟೆ ಅತ್ತೆ" ಎಂದ. "ಮಿಷನ್ನು ನಿನ್ ಎಸ್ರಿಗೆ ಬೇರೆ ಗೆರೆ ಆಕ್ಬುಡ್ತು."

"ಮಿಷನ್ನಿನ ಮಾತು ಬುಡು ಮಗ. ಅದುಕ್ಕೆ ನಾನ್ಯಾರು ಅಂತ ಏನ್ ಗೊತ್ತು? ಊರೋರು ನಂಬುದ್ರು, ಅವ್ರ್ನೂ ಬುಡು." ಹುಲ್ಲಿನ ಕಟ್ಟನ್ನು ಬಿಡಿಸುತ್ತಲೇ ಕೇಳಿದಳು. "ನೀನು ಆ ಕಾಗ್ದ ಮೊದ್ಲು ನೋಡ್ದಲ್ಲ, ಆಗ ನಿಂಗೆ ಅನ್ನುಸ್ಲಿಲ್ವಾ, ನಮ್ಮತ್ತೆ ಅಂತೋಳಲ್ಲ ಅಂತ?"

ಅನ್ನಿಸಿತ್ತು ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು. ಅವಳ ಎದುರಿಗೆ ಅದನ್ನು ಆಡಲಾಗಲಿಲ್ಲ.

"ಇಲ್ಲ ಅತ್ತೆ" ಎಂದ.

ಚಿಕ್ಕಬೋರಮ್ಮ ತಲೆಯಾಡಿಸಿದಳು, ಗೊತ್ತಿದ್ದದ್ದನ್ನೇ ಕೇಳಿದವಳ ಹಾಗೆ. ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಹಾಲು ಕರೆಯುವ ತಂಬಿಗೆ ತಂದಳು. ಸೆರಗಿನಿಂದ ಅದರ ಒಳಗನ್ನೆಲ್ಲ ಒರೆಸಿ ಒಣಗಿಸಿದಳು. "ಬಾ ಇಲ್ಲಿ" ಎಂದು ಕರೆದು, ತಂಬಿಗೆಯನ್ನು ಅವನ ಕಣ್ಣ ಮುಂದೆ ಬೋರಲು ಮಾಡಿ ಹಿಡಿದಳು.

"ನೋಡ್ಕೊ."

ಒಂದು ಹನಿ ನೀರೂ ಇರಲಿಲ್ಲ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಅವನು ನೋಡುತ್ತಿರುವಂತೆಯೇ ಕರೆದು, ಮೊದಲ ಲೋಟ ನೊರೆಹಾಲನ್ನು ಅವನ ಕೈಗೆ ಕೊಟ್ಟಳು. ಅವನು ಕುಡಿದ.

ಅವಳು ಮತ್ತೆ ಡೈರಿಗೆ ಹಾಲು ಹಾಕತೊಡಗಿದಳು. ಊರು ಗೋಡೆಯನ್ನು ಮರೆತೇಬಿಟ್ಟಿತು. ಧರ್ಮೇಂದ್ರನಿಗೆ ಮದುವೆಯಾಯಿತು, ಬೇರೆ ಕೆಲಸ ಸಿಕ್ಕಿತು. ಮೆರವಣಿಗೆಯನ್ನು ಅವನು ಮತ್ತೆ ಯಾರಿಗೂ ತೋರಿಸಲಿಲ್ಲ. ಹಬ್ಬಕ್ಕೋ ಹೊಲದ ಕೆಲಸಕ್ಕೋ ಅವನು ಕೊಪ್ಪಲಿಗೆ ಹೋದಾಗಲೆಲ್ಲ ಅತ್ತೆ ಮೊದಲಿನಷ್ಟೇ ಅಕ್ಕರೆಯಿಂದ ಮಾತಾಡಿಸುತ್ತಾಳೆ, ಮುದ್ದೆ ಬಡಿಸುತ್ತಾಳೆ, ಹೆಂಡತಿಯ ಆರೋಗ್ಯ ಕೇಳುತ್ತಾಳೆ. ಹಾಲು ಕರೆಯುವ ಹೊತ್ತಾಯಿತೆಂದರೆ ಮಾತ್ರ ಅವನನ್ನು ಕೊಟ್ಟಿಗೆಗೆ ಕರೆಯುತ್ತಾಳೆ. ಅವನು ಹೋಗಿ ನಿಲ್ಲುತ್ತಾನೆ. ಅವಳು ತಂಬಿಗೆ ಒರೆಸಿ, ಬೋರಲು ಮಾಡಿ, ಅವನಿಗೆ ತೋರಿಸಿ, ಆಮೇಲೆ ಕರೆಯಲು ಕೂರುತ್ತಾಳೆ.